ದೂಡೋದಾ, ಎಳೆಯೋದಾ? ತೋಟದ ಕೆಲಸದಲ್ಲಿ ಸೊಂಟ ಉಳಿಸಿಕೊಳ್ಳುವ ಲೆಕ್ಕ

ಕೊಯ್ಲು ಶುರುವಾಯಿತು ಅಂದರೆ ಕೊಡಗಿನಲ್ಲಿ ಯಾವ ಮನೆ ಮುಂದೆ ನೋಡಿದರೂ ಕಣದ ತುಂಬ ಕಾಫಿ, ಅಂಚಿನಲ್ಲಿ ಮೂಟೆ. ನವೆಂಬರ್ ಹೊತ್ತಿಗೆ ಅರೇಬಿಕಾ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಮಾರ್ಚ್‌ವರೆಗೂ ಪುರುಸೊತ್ತಿಲ್ಲ. ಎತ್ತುವ ಬಗ್ಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ: ಮಂಡಿ ಬಗ್ಗಿಸು, ಮೂಟೆ ಮೈಗೆ ಹತ್ತಿರ ಹಿಡಿ. ಆದರೆ ಈ ತಿಂಗಳುಗಳಲ್ಲಿ ನಾವು ಎತ್ತೋದಕ್ಕಿಂತ ಜಾಸ್ತಿ ದೂಡುತ್ತೇವೆ, ಎಳೆಯುತ್ತೇವೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮೂರು ವರ್ಷದ ಹಿಂದೆ ಒಂದು ಸಂಜೆ ಮೋಡ ಕಟ್ಟಿತ್ತು. ಒಣಗಿದ ಚೆರ್ರಿ, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣು, ನೆನೆಯಬಾರದು ಅಂತ ನಾಲ್ಕು ಚಕ್ರದ ಟ್ರಾಲಿಗೆ ಎರಡು ಮೂಟೆ ಹಾಕಿ ಗೋಡೌನ್ ಕಡೆ ಹೊರಟೆ. ಎಡಗೈಯಲ್ಲಿ ಟಾರ್ಪಲ್, ಬಲಗೈ ಹಿಂದಕ್ಕೆ ಚಾಚಿ ಟ್ರಾಲಿಯ ಹಿಡಿ ಹಿಡಿದಿದ್ದೆ. ಕಣದ ಸಿಮೆಂಟು ಬಿರುಕು ಬಿಟ್ಟಿದ್ದ ಕಡೆ ಮುಂದಿನ ಚಕ್ರ ಸಿಕ್ಕಿಕೊಂಡಿತು. ಟ್ರಾಲಿ ನಿಂತಿತು, ನಾನು ನಿಲ್ಲಲಿಲ್ಲ. ಸೊಂಟದ ಬಲಗಡೆ ಚುರ್ ಅಂದಿದ್ದು ಮೂರು ವಾರ ಬಿಡಲಿಲ್ಲ. ಡಾಕ್ಟರು ಕೇಳಿದ ಮೊದಲ ಮಾತು, "ಎಷ್ಟು ಕೆ.ಜಿ. ಎತ್ತಿದ್ರಿ?" ನಾನು ಏನನ್ನೂ ಎತ್ತಿರಲಿಲ್ಲ.

ಆಮೇಲೆ ಇದರ ಬಗ್ಗೆ ಓದಿದ್ದು, ಕಣದಲ್ಲಿ ಮಾಡಿ ನೋಡಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಯಾವಾಗ ದೂಡಬೇಕು, ಯಾವಾಗ ಎಳೆಯಬೇಕು, ಯಾವ ಗಾಡಿ ಯಾವುದಕ್ಕೆ ಅಂತ.

ಫಿಸಿಕ್ಸ್ ಹೇಳುವುದು ಒಂದು, ಸೊಂಟ ಹೇಳುವುದು ಇನ್ನೊಂದು

ಪಿಯುಸಿಯಲ್ಲಿ ಫಿಸಿಕ್ಸ್ ಓದಿದವರಿಗೆ ರೋಲರ್ ಪ್ರಶ್ನೆ ನೆನಪಿರಬಹುದು. ರೋಲರ್ ದೂಡೋದು ಸುಲಭವೋ, ಎಳೆಯೋದು ಸುಲಭವೋ? ಉತ್ತರ, ಎಳೆಯೋದು. ಓರೆಯಾಗಿ ಮೇಲಕ್ಕೆ ಎಳೆದಾಗ ಭಾರದ ಸ್ವಲ್ಪ ಪಾಲು ನೆಲದಿಂದ ಎದ್ದು ಬರುತ್ತದೆ, ಓರೆಯಾಗಿ ಕೆಳಕ್ಕೆ ದೂಡಿದಾಗ ಭಾರ ಇನ್ನಷ್ಟು ನೆಲಕ್ಕೆ ಒತ್ತುತ್ತದೆ.

ಇದನ್ನೇ ನಮ್ಮ 50 ಕೆ.ಜಿ. ಮೂಟೆಗೆ ಹಾಕಿ ನೋಡಿ. ಮೂಟೆಯನ್ನು ನೆಲದ ಮೇಲೆ ಜಾರಿಸಲು ಅದರ ತೂಕದ ಅರ್ಧದಷ್ಟು ಬಲ, ಅಂದರೆ 25 ಕೆ.ಜಿ. ಬಲ ಬೇಕು ಅಂತ ಇಟ್ಟುಕೊಳ್ಳಿ. 30 ಡಿಗ್ರಿ ಮೇಲ್ಮುಖವಾಗಿ ಎಳೆದರೆ ಸುಮಾರು 22 ಕೆ.ಜಿ. ಸಾಕು. ಅದೇ 30 ಡಿಗ್ರಿ ಕೆಳಮುಖವಾಗಿ ದೂಡಿದರೆ ಸುಮಾರು 41 ಕೆ.ಜಿ. ಬೇಕು. ಹತ್ತಿರ ಹತ್ತಿರ ಎರಡರಷ್ಟು.

ಹಾಗಾದರೆ ಎಳೆಯೋದೇ ಒಳ್ಳೆಯದು ಅಲ್ವಾ? ತಡೆಯಿರಿ. ಆ ಲೆಕ್ಕದಲ್ಲಿ ಮೂಟೆ ಇದೆ, ನೆಲ ಇದೆ, ಎಳೆಯುವ ಮನುಷ್ಯ ಇಲ್ಲ. ಅವನನ್ನು ಸೇರಿಸಿದ ಕೂಡಲೇ ಉತ್ತರ ಬದಲಾಗುತ್ತದೆ.

ಎಳೆಯುವಾಗ ಕೈ ಮುಂದಕ್ಕೆ ಸೆಳೆಯಲ್ಪಡುತ್ತದೆ, ಮೈ ಮುಂದಕ್ಕೆ ಬಾಗಲು ನೋಡುತ್ತದೆ. ಅದನ್ನು ತಡೆಯುವುದು ಬೆನ್ನಿನ ಸ್ನಾಯುಗಳು. ಅವು ಬೆನ್ನುಮೂಳೆಯ ಮಣಿಗಳ ನಡುವಿನ ತಟ್ಟೆಗಿಂತ (ಡಿಸ್ಕ್) ಸುಮಾರು 5-6 ಸೆಂ.ಮೀ. ಹಿಂದೆ ಇವೆ, ಅಷ್ಟೇ. ನಮ್ಮ ಕೈ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಉದ್ದದ ಸನ್ನೆಕೋಲು ಸೊಂಟದ ಮೇಲೆ ಕೆಲಸ ಮಾಡುತ್ತದೆ. 20 ಕೆ.ಜಿ. ಬಲದಿಂದ ಎಳೆಯುತ್ತಿದ್ದೀರಿ, ಕೈ ಸೊಂಟದ ಕೀಲಿಗಿಂತ 50 ಸೆಂ.ಮೀ. ಮೇಲಿದೆ ಅನ್ನಿ. 20ನ್ನು 50ರಿಂದ ಗುಣಿಸಿ 5ರಿಂದ ಭಾಗಿಸಿದರೆ 200. ಕೈ ಎಳೆದದ್ದು 20 ಕೆ.ಜಿ., ಬೆನ್ನಿನ ಸ್ನಾಯು ಬಿಗಿದದ್ದು 200 ಕೆ.ಜಿ. ಬಲದಿಂದ. ಆ ಬಿಗಿತವೆಲ್ಲ ಬೆನ್ನುಮೂಳೆಯ ತಟ್ಟೆಗಳನ್ನು ಅಮುಕುತ್ತದೆ. ಅದೇ ಕೈ ಸೊಂಟಕ್ಕಿಂತ 10 ಸೆಂ.ಮೀ. ಮಾತ್ರ ಮೇಲಿದ್ದರೆ 40 ಕೆ.ಜಿ. ಇದು ಮೈಯ ತೂಕವನ್ನು ಬಿಟ್ಟು ಹಾಕಿದ ಸರಳ ಲೆಕ್ಕ. ಮುಂದಕ್ಕೆ ಬಾಗಿ ಎಳೆದರೆ ಎದೆ, ತಲೆ, ತೋಳಿನ ತೂಕವೂ ಅದೇ ಕಡೆಗೆ ಸೇರಿಕೊಳ್ಳುತ್ತದೆ. ಮೂಟೆಯ ಕಿವಿ ಹಿಡಿದು, ಬಾಗಿ, ಹಿಂದಕ್ಕೆ ಹೆಜ್ಜೆ ಹಾಕುತ್ತಾ ಎಳೆಯುವುದನ್ನು ನಾವು ದಿನಾ ನೋಡುತ್ತೇವೆ. ಸೊಂಟಕ್ಕೆ ಅದಕ್ಕಿಂತ ಕಷ್ಟದ ಭಂಗಿ ಕಡಿಮೆ.

ದೂಡುವಾಗ ಉಲ್ಟಾ. ಕೈಗೆ ಬೀಳುವ ಬಲ ಮೈಯನ್ನು ಹಿಂದಕ್ಕೆ ಒತ್ತುತ್ತದೆ. ನಾವು ಸ್ವಲ್ಪ ಮುಂದಕ್ಕೆ ವಾಲಿದರೆ ಮೈಯ ತೂಕವೇ ಅದಕ್ಕೆ ಎದುರು ನಿಲ್ಲುತ್ತದೆ, ಉಳಿದದ್ದನ್ನು ಹೊಟ್ಟೆಯ ಸ್ನಾಯು ನೋಡಿಕೊಳ್ಳುತ್ತದೆ. ಅದು ಬೆನ್ನುಮೂಳೆಯಿಂದ ದೂರದಲ್ಲಿರುವುದರಿಂದ ಕಡಿಮೆ ಬಿಗಿತದಲ್ಲೇ ಕೆಲಸ ಆಗುತ್ತದೆ. ಜೊತೆಗೆ ಎರಡು ಕೈಯೂ ಮುಂದೆ ಇರುತ್ತವೆ, ಹೋಗುವ ದಾರಿ ಕಾಣುತ್ತದೆ, ಗಾಡಿ ಹಿಮ್ಮಡಿ ಮೇಲೆ ಹತ್ತುವುದಿಲ್ಲ, ಸೊಂಟ ತಿರುಚುವುದಿಲ್ಲ. ನನಗೆ ಆ ಸಂಜೆ ಪೆಟ್ಟು ಕೊಟ್ಟದ್ದು ತಿರುಚು. ಒಂದು ಕೈ ಹಿಂದೆ, ಮುಖ ಮುಂದೆ, ನಡುವೆ ಸೊಂಟ.

ಹಾಗಾಗಿ ಚಕ್ರ ಇದ್ದು, ನೆಲ ಗಟ್ಟಿ ಇದ್ದರೆ ಯೋಚನೆ ಮಾಡಬೇಡಿ. ದೂಡಿ.

ಎಳೆಯೋದೇ ಸರಿ ಅನ್ನುವ ಜಾಗಗಳು

ನಮ್ಮ ತೋಟದ ದಾರಿ ಕಣದ ಹಾಗೆ ಇರುವುದಿಲ್ಲ. ಸಿಲ್ವರ್ ಮರದ ಬೇರು ಅಡ್ಡ ಬರುತ್ತದೆ, ಚರಂಡಿ ಇರುತ್ತದೆ, ಒಂದು ಮೆಟ್ಟಿಲು ಇರುತ್ತದೆ. ಅಲ್ಲಿ ಒಂಟಿ ಚಕ್ರದ ಕೈಗಾಡಿಯನ್ನು ದೂಡಿದರೆ ಚಕ್ರ ಬೇರಿಗೆ ಹೋಗಿ ಒತ್ತಿಕೊಂಡು ನಿಂತುಬಿಡುತ್ತದೆ. ಇನ್ನೂ ಜೋರಾಗಿ ದೂಡಿದಷ್ಟೂ ಇನ್ನೂ ಒತ್ತುತ್ತದೆ. ಗಾಡಿ ತಿರುಗಿಸಿ, ನೀವು ಬೇರು ದಾಟಿ ಆ ಕಡೆ ನಿಂತು, ಎರಡೂ ಹಿಡಿ ಹಿಡಿದು ಎಳೆದರೆ ಎಳೆತ ಮೇಲ್ಮುಖವಾಗಿ ಬೀಳುತ್ತದೆ, ಚಕ್ರ ಎದ್ದು ದಾಟುತ್ತದೆ. ರೋಲರ್ ಪ್ರಶ್ನೆಯ ಉತ್ತರ ಕೆಲಸಕ್ಕೆ ಬರುವುದು ಇಲ್ಲಿ. ಎರಡು ಹೆಜ್ಜೆಯ ಕೆಲಸ, ದಾಟಿದ ಮೇಲೆ ಮತ್ತೆ ತಿರುಗಿಸಿ ದೂಡಿ.

ಚಕ್ರದ ಗಾತ್ರಕ್ಕೂ ಇದಕ್ಕೂ ದೊಡ್ಡ ಸಂಬಂಧ ಇದೆ. ಚಕ್ರದ ಮೇಲೆ 40 ಕೆ.ಜಿ. ಭಾರ, ಎದುರಿಗೆ 5 ಸೆಂ.ಮೀ. ಎತ್ತರದ ಬೇರು. ಅಡ್ಡಳತೆ 40 ಸೆಂ.ಮೀ. ಇರುವ ಚಕ್ರವನ್ನು ನೇರ ಮುಂದಕ್ಕೆ ಒತ್ತಿ ಹತ್ತಿಸಲು ಸುಮಾರು 35 ಕೆ.ಜಿ. ಬಲ ಬೇಕು. ಚಕ್ರ 20 ಸೆಂ.ಮೀ.ದಾದರೆ ಸುಮಾರು 69 ಕೆ.ಜಿ. ಗಾಡಿ ಕೊಳ್ಳುವಾಗ ಡಬ್ಬದ ಗಾತ್ರ ನೋಡುವ ಮೊದಲು ಚಕ್ರ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಇನ್ನೊಂದು, ಹಗ್ಗದ ಕೆಲಸ. ಮರದ ತುಂಡು, ಟಾರ್ಪಲ್ ಮೇಲೆ ಹಾಕಿದ ಸೊಪ್ಪು, ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆಯುವಾಗ ಸ್ಪ್ರೇಯರ್‌ನ ಉದ್ದನೆಯ ಪೈಪು. ಇವನ್ನು ದೂಡಲು ಆಗುವುದೇ ಇಲ್ಲ. ಎಳೆಯಲೇಬೇಕು ಅಂದಾಗ ಮುಖ ಮುಂದೆ ಮಾಡಿ, ಹಗ್ಗವನ್ನು ಹೆಗಲ ಮೇಲಿಂದ ಅಡ್ಡ ಹಾಕಿಕೊಂಡು ಎದೆ ಹತ್ತಿರ ಎರಡು ಕೈಯಲ್ಲಿ ಹಿಡಿದು ನಡೆಯಿರಿ. ಹಾಗೆ ಮಾಡಿದಾಗ ನೀವು ಎಳೆಯುತ್ತಿದ್ದರೂ ಮೈ ದೂಡುವ ಭಂಗಿಯಲ್ಲೇ ಇರುತ್ತದೆ, ಮುಂದಕ್ಕೆ ವಾಲಿದ ತೂಕ ಕೆಲಸ ಮಾಡುತ್ತದೆ. ಎತ್ತಿನ ನೊಗ ಎತ್ತಿನ ಹೆಗಲಿಗೆ ಒತ್ತುವುದೂ ಹೀಗೆಯೇ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ. ಮರದ ತುಂಡು ಇಳಿಜಾರಿನಲ್ಲಿ ಜಾರಿದರೆ ಕೈ ಬಿಡಿಸಿಕೊಳ್ಳಲು ಟೈಮ್ ಸಿಗುವುದಿಲ್ಲ.

ಕಣದಲ್ಲಿ ಕಾಫಿ ಗೋರುವಾಗ

ಉದ್ದ ಕೋಲಿನ ತುದಿಗೆ ಹಲಗೆ ಹೊಡೆದದ್ದು ಎಲ್ಲರ ಮನೆಯಲ್ಲೂ ಇದೆ. ದಿನಕ್ಕೆ ಎಷ್ಟೋ ಸಲ ಕಾಫಿ ಮಗುಚುತ್ತೇವೆ, ಸಂಜೆ ಗುಡ್ಡೆ ಮಾಡುತ್ತೇವೆ. ಭಾರ ಕಡಿಮೆ, ಸಲ ಜಾಸ್ತಿ. ಇಂಥ ಕೆಲಸದಲ್ಲಿ ಪೆಟ್ಟು ಒಮ್ಮೆಲೇ ಬೀಳುವುದಿಲ್ಲ, ಸೀಸನ್ ಮುಗಿಯುವ ಹೊತ್ತಿಗೆ ಹೆಗಲು ಎತ್ತಲು ಆಗದ ಹಾಗೆ ಬಂದು ಕೂರುತ್ತದೆ.

ನಮ್ಮಲ್ಲಿ ಕೆಲಸಕ್ಕೆ ಬರುವ ಒಬ್ಬ ಅಕ್ಕ ಇಡೀ ಕಣ ಗೋರಿ ಮುಗಿಸಿದರೂ ದಣಿಯುವುದಿಲ್ಲ. ನಾನು ಎರಡು ಸಾಲಿಗೇ ನಿಲ್ಲುತ್ತಿದ್ದೆ. ನೋಡಿ ನೋಡಿ ಒಂದು ದಿನ ಅವರೇ ಹೇಳಿದರು, "ಅಣ್ಣಾ, ಕೈಯಲ್ಲಿ ಎಳೀಬೇಡಿ. ಕೋಲು ಹಿಡ್ಕೊಂಡು ಕಾಲಲ್ಲಿ ನಡೀರಿ." ಆಮೇಲೆ ಅವರನ್ನು ಗಮನಿಸಿದೆ. ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇರುತ್ತದೆ. ಕೋಲು ತೊಡೆಯ ಪಕ್ಕ ಹಾಯುತ್ತದೆ. ತೋಳು ಚಾಚುವುದಿಲ್ಲ, ಮಡಿಸುವುದಿಲ್ಲ. ಹಲಗೆ ಮುಂದೆ ಹೋಗುವುದು ಅವರ ಹೆಜ್ಜೆಯಿಂದ. ಅರ್ಧ ಗಂಟೆಗೊಮ್ಮೆ ಬಲಗೈ ಕೆಳಗಿದ್ದದ್ದು ಮೇಲಕ್ಕೆ, ಎಡಗೈ ಕೆಳಕ್ಕೆ ಬದಲಾಗುತ್ತದೆ. ಅವರಿಗೆ ಅದು ಅಭ್ಯಾಸ. ದೊಡ್ಡ ಸ್ನಾಯುಗಳಿಗೆ ಕೆಲಸ ಕೊಟ್ಟು ಸಣ್ಣವನ್ನು ಉಳಿಸಿಕೊಳ್ಳಿ ಅಂತ ಮೈಬಲದ ವಿಜ್ಞಾನ ಹೇಳುವುದೂ ಇದನ್ನೇ.

ಮಗುಚುವಾಗ ದೂಡುವುದು ಒಳ್ಳೆಯದು, ಒದ್ದೆ ಕಾಫಿ ಮೇಲೆ ಹಿಂದಕ್ಕೆ ನಡೆಯುವ ಕಷ್ಟ ಇರುವುದಿಲ್ಲ. ಆದರೆ ಕೋಲಿನ ತುದಿ ಹೊಟ್ಟೆಗೆ ನೇರವಾಗಿ ಇರಬಾರದು. ಹಲಗೆ ಬಿರುಕಿಗೆ ಸಿಕ್ಕಿದರೆ ಕೋಲು ಹೊಟ್ಟೆಗೇ ಬರುತ್ತದೆ. ಸೊಂಟದ ಪಕ್ಕಕ್ಕೆ ಹಿಡಿಯಿರಿ. ಸಂಜೆ ದಪ್ಪ ಗುಡ್ಡೆ ಮಾಡುವಾಗ ಒಬ್ಬರು ಕೋಲು ಹಿಡಿದು, ಇನ್ನೊಬ್ಬರು ಹಲಗೆಗೆ ಕಟ್ಟಿದ ಹಗ್ಗವನ್ನು ಹೆಗಲಿಗೆ ಹಾಕಿ ಮುಂದೆ ನಡೆದರೆ ಇಬ್ಬರಿಗೂ ಹಗುರ.

ಎಷ್ಟು ಬಲ ಜಾಸ್ತಿ ಅಂತ ಹೇಗೆ ಗೊತ್ತಾಗುವುದು?

ಎತ್ತುವುದಕ್ಕೆ ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡಿಕೊಳ್ಳುವ ಅಮೆರಿಕದ ನಿಯೋಷ್ ಸಂಸ್ಥೆ 1991ರಲ್ಲಿ ಒಂದು ಸೂತ್ರ ಕೊಟ್ಟಿದೆ. ಎಲ್ಲ ಅನುಕೂಲ ಇದ್ದರೂ 23 ಕೆ.ಜಿ. ಮೇಲೆ ಹೋಗಬೇಡಿ ಅನ್ನುತ್ತದೆ ಅದು. ನಮ್ಮ ಮೂಟೆ 50. ಆದರೆ ಆ ಸೂತ್ರ ದೂಡುವುದಕ್ಕೆ, ಎಳೆಯುವುದಕ್ಕೆ ಅನ್ವಯಿಸುವುದಿಲ್ಲ. ಅದಕ್ಕೆ ಬ್ರಿಟನ್ನಿನ ಅಂಥದ್ದೇ ಸಂಸ್ಥೆ ಎಚ್‌ಎಸ್‌ಇ ಕೊಟ್ಟ ಅಳತೆ ನನಗೆ ಉಪಯೋಗಕ್ಕೆ ಬಂತು. ಗಾಡಿ ಕದಲಿಸಲು ಗಂಡಸರಿಗೆ 20 ಕೆ.ಜಿ., ಹೆಂಗಸರಿಗೆ 15 ಕೆ.ಜಿ. ಬಲ. ಒಮ್ಮೆ ಉರುಳಿದ ಮೇಲೆ ಓಡಿಸಿಕೊಂಡು ಹೋಗಲು 10 ಮತ್ತು 7. ಇದರೊಳಗೆ ಇದ್ದರೆ ಹೆಚ್ಚಿನವರಿಗೆ ತೊಂದರೆ ಇಲ್ಲ. ಕೈ ಸೊಂಟಕ್ಕೂ ಹೆಗಲಿಗೂ ನಡುವೆ ಇರಬೇಕು, ಸುಮಾರು 20 ಮೀಟರಿಗೊಮ್ಮೆ ಒಂದು ಉಸಿರು ನಿಲ್ಲಬೇಕು.

ಕದಲಿಸುವ ಬಲ ಯಾವಾಗಲೂ ಓಡಿಸುವ ಬಲಕ್ಕಿಂತ ಜಾಸ್ತಿ. ಆದ್ದರಿಂದ ಮೊದಲ ಹೆಜ್ಜೆಗೆ ಜರ್ಕ್ ಕೊಡಬೇಡಿ. ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟು, ಮೊಣಕೈ ಸ್ವಲ್ಪ ಬಗ್ಗಿಸಿ, ತೂಕ ನಿಧಾನ ಒರಗಿಸಿ. ಚಕ್ರ ಅಡ್ಡ ತಿರುಗಿದ್ದರೆ ಮೊದಲು ಅದನ್ನು ಹೋಗುವ ದಿಕ್ಕಿಗೆ ನೇರ ಮಾಡಿ.

ಬಲ ಅಳೆಯಲು ಏನೂ ಕೊಳ್ಳಬೇಕಿಲ್ಲ. ಹಣ್ಣು ಕೊಯ್ದವರ ಲೆಕ್ಕಕ್ಕೆ ಇಟ್ಟಿರುವ ಕೊಕ್ಕೆ ತಕ್ಕಡಿ ಇದೆಯಲ್ಲ, ಅದರ ಒಂದು ತುದಿ ಟ್ರಾಲಿಯ ಹಿಡಿಗೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು ನೆಲಕ್ಕೆ ಸಮನಾಗಿ, ಹೋಗುವ ದಿಕ್ಕಿಗೆ ಮೆಲ್ಲಗೆ ಎಳೆಯಿರಿ. ಗಾಡಿ ಕದಲುವ ಕ್ಷಣ ಮುಳ್ಳು ಎಷ್ಟು ತೋರಿಸುತ್ತದೋ ಅಷ್ಟೇ ಬಲ. ನಾನು ಮೊದಲ ಸಲ ಮಾಡಿದಾಗ ಚಕ್ರದ ಗಾಳಿ ಅರ್ಧ ಇಳಿದಿತ್ತು, ಬೇರಿಂಗಿನಲ್ಲಿ ಕಾಫಿ ಸಿಪ್ಪೆ ತುಂಬಿತ್ತು. ಸಿಪ್ಪೆ ತೆಗೆದು, ಗ್ರೀಸ್ ಹಚ್ಚಿ, ಗಾಳಿ ಹಾಕಿ ಮತ್ತೆ ಎಳೆದೆ. ಮುಳ್ಳು ಕೆಳಗೆ ನಿಂತದ್ದು ಕಣ್ಣಾರೆ ನೋಡಿದೆ. ಅಲ್ಲಿಯವರೆಗೂ ಆ ವ್ಯತ್ಯಾಸವನ್ನೆಲ್ಲ ನನ್ನ ಸೊಂಟ ಹೊತ್ತಿತ್ತು.

ಇಳಿಜಾರು

ಕೊಡಗಿನಲ್ಲಿ ಇದು ಬೇರೆಯೇ ವಿಷಯ, ಸಪಾಟಾದ ಜಾಗ ನಮ್ಮಲ್ಲಿ ಎಲ್ಲಿದೆ?

ಗಟ್ಟಿ ಸಪಾಟು ನೆಲದಲ್ಲಿ ಒಳ್ಳೆಯ ಚಕ್ರದ ಗಾಡಿ ದೂಡಲು ಒಟ್ಟು ತೂಕದ ಸುಮಾರು 2 ಶೇಕಡ ಬಲ ಸಾಕು. ನಾಲ್ಕು ಮೂಟೆ, ಟ್ರಾಲಿ ಸೇರಿ 220 ಕೆ.ಜಿ. ಅಂದರೆ ನಾಲ್ಕೂವರೆ ಕೆ.ಜಿ. ಬಲ, ಮಕ್ಕಳೂ ದೂಡಬಹುದು. ಅದೇ ಟ್ರಾಲಿಯನ್ನು 12 ಅಡಿಗೆ 1 ಅಡಿ ಏರುವ ಇಳಿಜಾರಿಗೆ ತನ್ನಿ. ತೂಕದ ಹನ್ನೆರಡರಲ್ಲಿ ಒಂದು ಪಾಲು, ಅಂದರೆ 18 ಕೆ.ಜಿ. ಅದಕ್ಕೆ ಸೇರುತ್ತದೆ. ಸುಮಾರು 23 ಆಯಿತು. ಆಗಲೇ ಮಿತಿ ದಾಟಿತು, ನೋಡಲು ಮಾತ್ರ ಅದು ಏರು ಅನ್ನಿಸುವುದೇ ಇಲ್ಲ. 6 ಅಡಿಗೆ 1 ಅಡಿ ಏರುವ ಕಡೆ ಎರಡೇ ಮೂಟೆ, ಟ್ರಾಲಿಗೆ ಸುಮಾರು 22 ಬೇಕು. ಏರಿನಲ್ಲಿ ಗಾಡಿ ಉರುಳಿದ ಮೇಲೂ ಈ ಬಲ ಕಡಿಮೆಯಾಗುವುದಿಲ್ಲ ಅನ್ನುವುದನ್ನು ಮರೆಯಬೇಡಿ. ಮೂಟೆ ಕಡಿಮೆ ಮಾಡಿ, ಇಲ್ಲವೇ ಇಬ್ಬರಾಗಿ.

ಇಳಿಜಾರಿನಲ್ಲಿ ದೂಡು, ಎಳೆ ಅನ್ನುವುದಕ್ಕಿಂತ ದೊಡ್ಡ ವಿಷಯ ನೀವು ಎಲ್ಲಿ ನಿಂತಿದ್ದೀರಿ ಅನ್ನುವುದು. ಭಾರದ ಕೆಳಗೆ ನಿಲ್ಲಬೇಡಿ. ಎರಡು ಚಕ್ರದ ಮೂಟೆ ಗಾಡಿಯನ್ನು (ಮೂಟೆ ನಿಲ್ಲಿಸಿ, ಓರೆ ಮಾಡಿ ಉರುಳಿಸುವಂಥದ್ದು) ಇಳಿಸುವಾಗ ಮುಂದೆ ಬಿಟ್ಟು ನೀವು ಹಿಂದೆ ತಡೆದು ಹಿಡಿಯಿರಿ. ಹತ್ತಿಸುವಾಗ ನೀವು ಮೇಲೆ, ಗಾಡಿ ಕೆಳಗೆ, ಎಳೆದುಕೊಂಡು ಹೋಗಿ. ಕೈ ಜಾರಿದರೆ ಗಾಡಿ ಹೋಗಲಿ, ನೀವು ಉಳಿಯುತ್ತೀರಿ. ನಾಲ್ಕು ಚಕ್ರದ ಟ್ರಾಲಿಯನ್ನು ನಾನು ಇಳಿಜಾರಿಗೆ ತರುವುದೇ ಇಲ್ಲ. ಅದಕ್ಕೆ ಬ್ರೇಕ್ ಇಲ್ಲ, ನೆಲಕ್ಕೆ ಊರುವ ಕಾಲೂ ಇಲ್ಲ.

ಮಳೆಗಾಲದಲ್ಲಿ ಇನ್ನೊಂದು ಸೇರುತ್ತದೆ, ಪಾಚಿ. ಕಾಲಿಗೆ ಹಿಡಿತ ಇಲ್ಲದಿದ್ದರೆ ತೋಳಿನಲ್ಲಿ ಎಷ್ಟು ಶಕ್ತಿ ಇದ್ದರೂ ಪ್ರಯೋಜನ ಇಲ್ಲ, ಏಕೆಂದರೆ ನೀವು ದೂಡಬಲ್ಲದ್ದು ನಿಮ್ಮ ಪಾದ ನೆಲವನ್ನು ಹಿಂದಕ್ಕೆ ಒತ್ತಬಲ್ಲಷ್ಟು ಮಾತ್ರ. ಗಂಬೂಟಿನ ಅಡಿ ಸವೆದಿದ್ದರೆ ಬದಲಾಯಿಸಿ. ಸವೆದ ಬೂಟು ಒಣ ದಿನ ತೊಂದರೆ ಕೊಡದೆ ಇರಬಹುದು, ಜುಲೈನಲ್ಲಿ ಕೊಡುತ್ತದೆ.

ಕೆಸರಲ್ಲಿ ಹೂತ ಜೀಪು, ಪಿಕಪ್ಪು

ಎಲ್ಲರೂ ಸೇರಿ "ಹೂಂ" ಅಂತ ದೂಡುವ ಕೆಲಸ. ಕೆಲವರು ಬೆನ್ನು ಕೊಟ್ಟು ಹಿಂದುಮುಂದಾಗಿ ನಿಂತು ದೂಡುತ್ತಾರೆ. ಕಾಲಿನ ಬಲ ಪೂರ್ತಿ ಸಿಗುತ್ತದೆ, ಅದು ನಿಜ. ಆದರೆ ಗಾಡಿ ತಟ್ಟನೆ ಕದಲಿದರೆ ಬೆನ್ನ ಮೇಲೆ ಬೀಳುತ್ತೀರಿ, ಹಿಂದಕ್ಕೆ ಜಾರಿದರೆ ನೋಡಲು ಕಣ್ಣು ಆ ಕಡೆ ಇರುವುದಿಲ್ಲ. ನಾನು ಅದನ್ನು ಯಾರಿಗೂ ಹೇಳಿಕೊಡುವುದಿಲ್ಲ. ಗಾಡಿ ಕಡೆ ಮುಖ ಮಾಡಿ ನಿಂತು, ಅದರ ಮೂಲೆಯ ಗಟ್ಟಿ ಜಾಗಕ್ಕೆ ಅಂಗೈ ಕೊಟ್ಟು, ಒಂದು ಕಾಲು ಹಿಂದೆ ಊರಿ ದೂಡಿ. ಚಕ್ರದ ನೇರ ಹಿಂದೆ ಬೇಡ. ಚಕ್ರದ ಅಡಿಗೆ ಇಟ್ಟ ಕಲ್ಲು, ಹಲಗೆ ಹಾರಿ ಬರುತ್ತವೆ. ಏರಿನಲ್ಲಿ ಹೂತಿದ್ದರೆ ಹಿಂದಿನಿಂದ ಮನುಷ್ಯರು ಬೇಡವೇ ಬೇಡ. ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಟೈರಿಗೆ ಚೈನು ಹಾಕಿ, ಇಲ್ಲವೇ ಇನ್ನೊಂದು ಗಾಡಿಯಿಂದ ಎಳೆಸಿ. ಎಳೆಯುವ ಹಗ್ಗ ಬಿಗಿಯಾಗಿರುವಾಗ ಅದರ ಉದ್ದಕ್ಕಿಂತ ಹೆಚ್ಚು ದೂರ ಎಲ್ಲರೂ ಸರಿಯಬೇಕು, ಮಕ್ಕಳು ಮೊದಲು.

ಕಳೆ ಕತ್ತರಿಸುವ ಮೆಷಿನ್ನಿನ ಹಗ್ಗ

ಮೆಷಿನ್ ಸ್ಟಾರ್ಟ್ ಮಾಡಲು ಹಗ್ಗ ಎಳೆಯುವುದು ಚಿಕ್ಕ ಕೆಲಸ, ಆದರೆ ಹೆಗಲು ಇದರಲ್ಲೂ ಹಾಳಾಗಬಹುದು. ಮೆಷಿನ್ ಕೈಯಲ್ಲಿ ನೇತಾಡಿಸಿಕೊಂಡು ಎಳೆಯಬೇಡಿ. ನೆಲಕ್ಕೆ ಇಡಿ, ಒಂದು ಕೈಯಲ್ಲಿ ಒತ್ತಿ ಹಿಡಿಯಿರಿ, ಬ್ಲೇಡು ಏನಕ್ಕೂ ತಾಗದಿರಲಿ. ಮೊದಲು ಹಗ್ಗ ಬಿಗಿಯಾಗುವ ಜಾಗದವರೆಗೆ ಮೆಲ್ಲಗೆ ಎಳೆಯಿರಿ, ಅಲ್ಲಿಂದ ಚುರುಕಾಗಿ, ಮೊಣಕೈ ಮೈಗೆ ಹತ್ತಿರವೇ ಇಟ್ಟುಕೊಂಡು ಎಳೆಯಿರಿ. ಐದಾರು ಸಲಕ್ಕೂ ಹತ್ತಲಿಲ್ಲ ಅಂದರೆ ಪ್ಲಗ್ ಬಿಚ್ಚಿ ನೋಡಿ.

ಒಂದೇ ಗಾಡಿಗೆ ದುಡ್ಡಿದ್ದರೆ ಯಾವುದು?

ಒಂಟಿ ಚಕ್ರದ ಕೈಗಾಡಿ ಗಿಡಗಳ ನಡುವೆ ನುಗ್ಗುತ್ತದೆ, ಒಂದಡಿ ದಾರಿ ಸಾಕು. ಅದರ ತೊಂದರೆ ಏನಂದರೆ ಭಾರದ ಒಂದು ಪಾಲು ಯಾವಾಗಲೂ ಕೈಯಲ್ಲೇ ಇರುತ್ತದೆ. 60 ಕೆ.ಜಿ. ಗೊಬ್ಬರ ಚಕ್ರದಿಂದ 40 ಸೆಂ.ಮೀ. ದೂರ ಕೂತಿದ್ದು, ಹಿಡಿ 120 ಸೆಂ.ಮೀ. ದೂರ ಇದ್ದರೆ ಕೈಗೆ 20 ಕೆ.ಜಿ. ಅದೇ ಗೊಬ್ಬರ ಹಿಂದಕ್ಕೆ ಸರಿದು 60 ಸೆಂ.ಮೀ.ನಲ್ಲಿ ಕೂತರೆ 30. ತುಂಬುವಾಗ ಚಕ್ರದ ಕಡೆಗೆ ಒತ್ತಿ ತುಂಬಿ. ಪಕ್ಕಕ್ಕೆ ವಾಲಿದಾಗ ತಡೆಯಲು ಹೋಗಬೇಡಿ, ಬಿಟ್ಟುಬಿಡಿ. ಗೊಬ್ಬರ ಮತ್ತೆ ತುಂಬಬಹುದು.

ಎರಡು ಚಕ್ರದ ಮೂಟೆ ಗಾಡಿ ಸರಿಯಾಗಿ ಓರೆ ಮಾಡಿ ಹಿಡಿದರೆ ಭಾರವೆಲ್ಲ ಚಕ್ರದ ಮೇಲೆ ಕೂರುತ್ತದೆ, ಕೈಗೆ ಏನೂ ಇಲ್ಲದ ಹಾಗೆ. ಕಷ್ಟ ಇರುವುದು ನೆಟ್ಟಗಿದ್ದದ್ದನ್ನು ಓರೆ ಮಾಡುವ ಆ ಮೊದಲ ಕ್ಷಣ ಮಾತ್ರ. ಆಗ ಒಂದು ಪಾದ ಅಚ್ಚಿಗೆ ಒತ್ತಿ, ಮೈ ತೂಕದಿಂದ ಹಿಂದಕ್ಕೆ ವಾಲಿಸಿ. ಗೋಡೌನ್ ಮೆಟ್ಟಿಲನ್ನೂ ಇದರಲ್ಲಿ ಹತ್ತಿಸಬಹುದು.

ನಾಲ್ಕು ಚಕ್ರದ್ದು ಸಿಮೆಂಟು ಕಣ ದೊಡ್ಡದಿದ್ದವರಿಗೆ. ಮಣ್ಣಿಗೆ ಇಳಿದರೆ ಅದರ ಸಣ್ಣ ಚಕ್ರ ಹೂತುಕೊಳ್ಳುತ್ತದೆ.

ನಾನು ಒಂದನ್ನೇ ಕೊಳ್ಳುವುದಾದರೆ ಗಾಳಿ ಟೈರಿನ, ದೊಡ್ಡ ಚಕ್ರದ ಎರಡು ಚಕ್ರದ ಮೂಟೆ ಗಾಡಿ ಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಮೂಟೆ ಸಾಗಿಸುವವರಲ್ಲಿ ನನ್ನ ಹೆಂಡತಿಯೂ ಇದ್ದಾಳೆ, ನನಗಿಂತ ಗಿಡ್ಡ. ಅಂಗಡಿಗೆ ಅವಳನ್ನೂ ಕರೆದುಕೊಂಡು ಹೋಗಿ, ಗಾಡಿ ಓರೆ ಮಾಡಿ ಹಿಡಿಸಿ ನೋಡಿದ ಮೇಲೆಯೇ ತೆಗೆದುಕೊಂಡೆ. ಹಿಡಿ ಅವಳ ಮೊಣಕೈಗಿಂತ ಸ್ವಲ್ಪ ಕೆಳಗೆ ಬಂತು, ನನಗೆ ಸೊಂಟದ ಹತ್ತಿರ.